ನಾರಳಿ ಹುಣ್ಣಿಮೆಯ ಕರಿಹಲಗೆ

ಕ್ಯಾಸೆಟ್ ಹೋಗಿ ಸೀಡಿ ಬರುತ್ತಿದ್ದ, ಎರಡು ಸಾವಿರದ ಆಸುಪಾಸಿನ ವರ್ಷಗಳು. ಕಾರವಾರ ಪೇಟೆಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ. ಬಾಗಿಲಿನ ಕರಿಹಲಗೆಯಲ್ಲಿ ದಿನಾ ಬೆಳಿಗ್ಗೆ ‘ಇದೇ ದಿನ’ ಎಂದು ತಲೆಬರಹ ಹಾಕಿ, ಹಿಂದೆ ಅದೇ ತಾರೀಖಿಗೆ ಸಂಗೀತಲೋಕದಲ್ಲಿ ನಡೆದದ್ದನ್ನು ಬರೆಯುತ್ತಿದ್ದೆ: ಯಾರ ಮೊದಲ ಹಾಡು ಮುದ್ರಣವಾಯಿತು, ಯಾವ ಜೋಡಿ ಮುನಿಸಿಕೊಂಡು ಬೇರೆಯಾಯಿತು. ತಾರೀಖಿನ ವಿಷಯದಲ್ಲಿ ನಾನು ತಪ್ಪುವ ಆಸಾಮಿಯೇ ಅಲ್ಲ. ಕಾಲೇಜು ಮಾಸ್ತರರೂ ನನ್ನನ್ನೇ ಕೇಳುತ್ತಿದ್ದರು.

ಬೈತಖೋಲದಿಂದ ಮೀನು ತರುವ ಅಕ್ಕ ಒಂದು ದಿನ ಹಲಗೆಯಲ್ಲೇನಿದೆ ಎಂದು ಕೇಳಿ ತಿಳಿದುಕೊಂಡಳು. ಅವಳು ಹಾಡಿದ ಮದುವೆ ಹಾಡುಗಳ ಕ್ಯಾಸೆಟ್ಟೊಂದು ಅಂಕೋಲೆಯ ಮದುವೆಮನೆಗಳಲ್ಲಿ ಸವೆಯುವಷ್ಟು ಓಡಿತ್ತು. ಆದರೆ ಹೊದಿಕೆಯ ಮೇಲೆ ಇಸವಿಯಿತ್ತೇ ಹೊರತು ಅವಳ ಹೆಸರಿರಲಿಲ್ಲ. ‘ಸಂಗಡಿಗರು’ ಎಂದಷ್ಟೇ ಇತ್ತು.

“ನನ್ನ ಹೆಸ್ರೂ ಒಂದ್ಸಲ ಬರಿ ತಮಾ. ಹಾಡಿದ್ದು ನಾರಳಿ ಹುಣ್ಣಿಮೆ ದಿನ. ಸಮುದ್ರಕ್ಕೆ ಕಾಯಿ ಬಿಟ್ಟು ಪೂಜೆ ಅಂತ ದೋಣಿ ಇಳೀಲಿಲ್ಲ, ಅದ್ಕೇ ಹಾಡೂಕೆ ಹೋಗೂಕೆ ಆಯ್ತು.”

ನನಗಿದು ಎಡಗೈ ಕೆಲಸ. ಆ ಇಸವಿಯ ಹಳೇ ಪಂಚಾಂಗ ಹುಡುಕಿ ತಾರೀಖು ತೆಗೆದೆ. ಆ ತಾರೀಖು ಬಂದ ದಿನ ಅವಳ ಹೆಸರು ಬರೆದೆ, ಮರುದಿನ ಒರೆಸಿದೆ. ಅವಳು ಇತ್ತ ಸುಳಿಯಲೇ ಇಲ್ಲ.

ಒಂಬತ್ತು ದಿನ ಕಳೆದು ಬಂದಳು. ತಲೆ ತುಂಬ ಅಬ್ಬಲಿಗೆ, ಹಿಂದೆ ಇಬ್ಬರು ಹೆಣ್ಣುಮಕ್ಕಳು, ಅಂಕೋಲೆಯಿಂದ ಬಸ್ಸಿಗೆ ಬಂದ ತಂಗಿ.

“ನಂದು ಎಲ್ಲದೆ ತೋರ್ಸು.”

“ನಿನ್ನ ದಿನ ಆಗಿ ಒಂಬತ್ತು ದಿನ ಆಯ್ತಲ್ಲ ಅಕ್ಕಾ. ತಾರೀಖು ಲೆಕ್ಕ ಹಾಕಿಯೇ ಬರೆದಿದ್ದೆ,” ಎಂದೆ ಜಂಬದಿಂದ.

ಅವಳು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು. “ಒಂಬತ್ತು ದಿನದ ಹಿಂದೆ ಸಮುದ್ರಕ್ಕೆ ಕಾಯಿ ಬಿಟ್ಟವ್ರು ಯಾರು?”

ಗೋಡೆಯ ಕ್ಯಾಲೆಂಡರ್ ನೋಡಿದೆ. ಈ ಸಲದ ನಾರಳಿ ಹುಣ್ಣಿಮೆ ಅವಳು ಬಂದ ಈ ದಿನವೇ ಇತ್ತು; ತಾರೀಖು ನಿಂತಲ್ಲೇ ಇದ್ದರೂ ಹುಣ್ಣಿಮೆ ವರ್ಷವರ್ಷ ಸರಿಯುತ್ತದೆ. ಇಡೀ ಬೈತಖೋಲಕ್ಕೆ ಹೇಳಿಕೊಂಡು ಬಂದಿದ್ದವಳ ಎದುರು ನಿಜಕ್ಕೂ ನಾಚಿಕೆಯಾಯಿತು. ಹಲಗೆಯಲ್ಲಿದ್ದ ಮುಂಬಯಿಯ ದೊಡ್ಡ ಗಾಯಕನನ್ನು ಅಂಗಿಯ ತೋಳಿನಿಂದಲೇ ಒರೆಸಿ, ಅವಳ ಹೆಸರನ್ನು ದಪ್ಪಕ್ಷರದಲ್ಲಿ ಬರೆದೆ.

“ಓದು,” ಎಂದಳು. ಓದಿದೆ.

“ಗಟ್ಟಿ ಓದು ಮಾರಾಯ. ಕ್ಯಾಸೆಟ್ಟಿನವ್ರಂತೂ ಹೇಳ್ಲಿಲ್ಲ.”

ರಸ್ತೆಯಾಚೆಯ ರಿಕ್ಷಾದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಓದಿದೆ. ಅವಳು ಸೆರಗು ಸರಿಮಾಡಿಕೊಂಡು, ಕರೆದದ್ದು ತನ್ನನ್ನೇ ಎಂಬಂತೆ “ಹಾಂ” ಎಂದಳು.