ಪ್ರಾರ್ಥನೆಯ ಪುಟದಲ್ಲಿ ಉಳಿದ ಹೆಸರು

2010ರ ಜೂನ್‌ನಲ್ಲಿ ನನ್ನನ್ನು ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಸಭೆಗೆ ವರ್ಗ ಮಾಡಿದರು. ಸಭೆ ಎಂದರೆ ನಮ್ಮ ಮಾತಿನಲ್ಲಿ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಕೂಟ. ಅದನ್ನು ನೋಡಿಕೊಳ್ಳಲು ನೇಮಕವಾದವನು ಸಭಾಪಾಲಕ. ಜನ ಬಾಯ್ತುಂಬ ‘ಅಯ್ಯನೋರು’ ಎನ್ನುತ್ತಾರೆ. ಆ ಹೊತ್ತಿಗೆ ನನ್ನ ಸೇವೆಗೆ ಇಪ್ಪತ್ತೆರಡು ವರ್ಷ ತುಂಬಿತ್ತು, ಐದು ಊರಿನ ನೀರು ಕುಡಿದಿದ್ದೆ. ಸಭೆ ನಡೆಸುವುದರಲ್ಲಿ ನನಗೆ ತಿಳಿಯದ್ದು ಹೆಚ್ಚೇನೂ ಉಳಿದಿಲ್ಲ ಎಂಬ ಠೇಂಕಾರವೂ ಇತ್ತು. ಈ ಬರಹ ಆ ಠೇಂಕಾರ ಇಳಿದ ಬಗೆಯದು.

ಗದಗ ಜಿಲ್ಲೆಯಾಗಿ ಆಗ ಹದಿಮೂರು ವರ್ಷ. ಹೊಸ ಕಚೇರಿಗಳು ಬಂದಿದ್ದವು, ಆದರೆ ಬೆಟಗೇರಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ನಮ್ಮ ಸಭೆಯ ನೂರಾ ಹತ್ತು ಕುಟುಂಬಗಳಲ್ಲಿ ಹೆಚ್ಚಿನವರು ನೇಕಾರರು. ಮಗ್ಗ ನಿಂತ ಮನೆಗಳವರು ಹುಬ್ಬಳ್ಳಿಗೆ, ಪುಣೆಗೆ, ಕೆಲವರು ಮಸ್ಕತ್ತಿಗೆ ದುಡಿಯಲು ಹೋಗಿದ್ದರು. ಭಾನುವಾರದ ಆರಾಧನೆಗೆ ನಿಂತರೆ ಎದುರಿಗೆ ಅರ್ಧಕ್ಕರ್ಧ ಬೆಂಚುಗಳು ಖಾಲಿ. ಚದುರಿದವರನ್ನು ಹಿಡಿದಿಡಲು ಸಭೆಗೊಂದು ವೆಬ್‌ಸೈಟ್ ಮಾಡೋಣ ಎಂದು ಹಿರಿಯರ ಸಮಿತಿಯಲ್ಲಿ ಹೇಳಿದವನು ನಾನೇ. ಗದಗಿನಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟಿದ್ದ ನಮ್ಮ ಸಭೆಯ ಆನಂದಪ್ಪ ಅದನ್ನು ಕಟ್ಟಿಕೊಟ್ಟ. ಅಕ್ಟೋಬರ್‌ನಲ್ಲಿ ಶುರುವಾಯಿತು.

ಮೊದಲು ಆರಾಧನೆಯ ಸಮಯ, ಸಂಡೇ ಸ್ಕೂಲಿನ ಫೋಟೋ, ನನ್ನ ಪ್ರಸಂಗಗಳು, ಅಂದರೆ ಭಾನುವಾರದ ಉಪದೇಶಗಳು, ಇದ್ದವು. ಪುಟವನ್ನು ಎಷ್ಟು ಜನ ನೋಡಿದರು ಎಂದು ತೋರಿಸುವ ಎಣಿಕೆ ಕೆಳಗಿತ್ತು. ನನ್ನ ಪ್ರಸಂಗಗಳನ್ನು ವಾರಕ್ಕೆ ಏಳೆಂಟು ಜನ ನೋಡುತ್ತಿದ್ದರು, ಅದರಲ್ಲಿ ಒಬ್ಬ ನಾನೇ. ಆಗ ಹೊಳೆದದ್ದು ಪ್ರಾರ್ಥನೆಯ ಪುಟ.

ನಮ್ಮಲ್ಲಿ ಒಂದು ರೂಢಿಯಿದೆ. ಚರ್ಚಿನ ಬಾಗಿಲ ಬಳಿ ಮರದ ಪೆಟ್ಟಿಗೆ. ಕಷ್ಟವಿದ್ದವರು ಚೀಟಿ ಬರೆದು ಹಾಕುತ್ತಾರೆ: ಗಂಡ ಕುಡಿತ ಬಿಡಲಿ, ಮಗಳಿಗೆ ಹೆರಿಗೆ ಸಸೂತ್ರವಾಗಲಿ, ಆಪರೇಷನ್ ಚೆನ್ನಾಗಿ ಆಗಲಿ. ಆರಾಧನೆಯಲ್ಲಿ ಸಭಾಪಾಲಕ ಅವನ್ನು ಹೆಸರು ಹಿಡಿದು ಓದುತ್ತಾನೆ, ಎಲ್ಲರೂ ಪ್ರಾರ್ಥಿಸುತ್ತಾರೆ. ಓದಿದ ಚೀಟಿಗಳನ್ನು ಅಂದೇ ಹರಿದು ಹಾಕುತ್ತೇವೆ. ಈ ಚೀಟಿಗಳನ್ನು ಹರಿಯುವ ಮೊದಲು ನಕಲು ಮಾಡಿಕೊಂಡು ಪ್ರತಿ ಸೋಮವಾರ ವೆಬ್‌ಸೈಟಿಗೆ ಹಾಕಲು ಆನಂದಪ್ಪನಿಗೆ ಹೇಳಿದೆ. ದೂರದ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲವೆಂದು ಅವನು ಹೆಸರುಗಳನ್ನು ಇಂಗ್ಲಿಷಿನಲ್ಲೂ ಹಾಕಿದ. ಒಂದೇ ಹೆಸರಿನವರು ಇಬ್ಬರು ಮೂವರಿದ್ದರೆ ಗೊಂದಲವಾಗದಿರಲೆಂದು ಓಣಿಯನ್ನೂ ತಂದೆತಾಯಿಯ ಹೆಸರನ್ನೂ ಬರೆಯಿಸಿದವನು ನಾನು.

ಪುಟ ಹಿಡಿಯಿತು. ವಾರಕ್ಕೆ ನೂರು, ನೂರೈವತ್ತು ಜನ ನೋಡತೊಡಗಿದರು. ಮಸ್ಕತ್ತಿನಿಂದ ಒಬ್ಬರು ಫೋನ್ ಮಾಡಿ, ‘ಊರಾಗ ಇದ್ದಂಗ ಆತ್ರಿ ಅಯ್ಯನೋರ’ ಎಂದರು. ನಾನು ಉಬ್ಬಿಹೋದೆ. ಬೇರೆ ಊರಿನ ಸಭಾಪಾಲಕರ ಮುಂದೆ ಎರಡು ಸಲವಾದರೂ ಜಂಬ ಕೊಚ್ಚಿಕೊಂಡಿದ್ದೇನೆ.

2011ರ ಜನವರಿಯಲ್ಲಿ ರಾಹೇಲಮ್ಮನ ಮನೆಗೆ ಹೋಗಿದ್ದೆ. ಆಕೆ ವಿಧವೆ, ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಮಗಳು ಕರುಣಾಳನ್ನು ಟೀಚರ್ ಟ್ರೈನಿಂಗ್ ತನಕ ಓದಿಸಿದ್ದಳು. ಕರುಣಾಳಿಗೆ ಆಗ ಇಪ್ಪತ್ತಮೂರು. ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಬಂದಿತ್ತು.

“ಟಿ.ಬಿ. ಅಂತ್ರಿ ಅಯ್ಯನೋರ. ಪ್ರಾರ್ಥನಾ ಮಾಡ್ರಿ” ಎಂದಳು ರಾಹೇಲಮ್ಮ. ಆಕೆಗೆ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಚೀಟಿಯನ್ನು ಅಲ್ಲೇ ಕುಳಿತು ನಾನೇ ಬರೆದೆ. ವೆಬ್‌ಸೈಟಿಗೂ ಹಾಕುತ್ತೇವೆ, ಪುಣೆಯವರು ಮಸ್ಕತ್ತಿನವರು ಎಲ್ಲ ಪ್ರಾರ್ಥಿಸುತ್ತಾರೆ ಎಂದು ತಿಳಿಸಿದೆ.

ಆಕೆ ಕೈಯಲ್ಲಿದ್ದ ನೂಲು ಬಿಟ್ಟು ಕೇಳಿದಳು, “ಬ್ಯಾರೇದವ್ರಿಗೂ ಕಾಣತೈತೇನ್ರಿ?”

“ನಮ್ಮ ಸಭಾದ ಪುಟ ಮಂದಿ ಯಾಕ ನೋಡ್ತಾರ, ರಾಹೇಲಮ್ಮ?” ಎಂದು ನಕ್ಕುಬಿಟ್ಟೆ.

ಅಯ್ಯನೋರೇ ಹೇಳಿದ ಮೇಲೆ ಮುಗಿಯಿತು, ಆಕೆ ಮತ್ತೆ ಕೇಳಲಿಲ್ಲ. ಕರುಣಾಳನ್ನಂತೂ ನಾನು ಕೇಳಲೇ ಇಲ್ಲ. ಒಳಕೋಣೆಯಲ್ಲಿ ಮಲಗಿದ್ದಳು, ಎಬ್ಬಿಸುವುದು ಬೇಡ ಎನಿಸಿತು.

ಆಗಿನ ಡಾಟ್ಸ್ ಪದ್ಧತಿಯಲ್ಲಿ ಕ್ಷಯದ ಗುಳಿಗೆಯನ್ನು ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ನುಂಗಬೇಕಿತ್ತು, ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ. ಒಟ್ಟು ಆರು ತಿಂಗಳು. ಕರುಣಾ ಒಂದು ಡೋಸೂ ತಪ್ಪಿಸಲಿಲ್ಲ. ಜುಲೈನಲ್ಲಿ ಪೂರ್ಣ ಗುಣವಾಗಿದೆ ಎಂದು ವೈದ್ಯರು ಬರೆದುಕೊಟ್ಟರು. ಆ ಭಾನುವಾರ ರಾಹೇಲಮ್ಮ ಆರಾಧನೆಯ ನಡುವೆ ಎದ್ದು ನಿಂತು, “ನನ್ನ ಮಗಳು ಆರಾಮಾದ್ಲು, ದೇವರಿಗೆ ಸ್ತೋತ್ರ” ಎಂದಳು. ಹೊರಗೆ ಎಲ್ಲರಿಗೂ ಒಂದೊಂದು ಪೇಢೆ ಕೊಟ್ಟಳು, ನಾನು ಎರಡು ತಿಂದೆ.

ಇಲ್ಲೇ ನಾನು ಎಡವಿದ್ದು. ನಮ್ಮ ಜನ ಕಷ್ಟಕ್ಕೆ ಚೀಟಿ ಬರೆಯುತ್ತಾರೆ, ಸುಖಕ್ಕೆ ಬರೆಯುವುದಿಲ್ಲ. ಅದನ್ನು ಎದ್ದು ನಿಂತು ಬಾಯಲ್ಲಿ ಹೇಳುತ್ತಾರೆ. ಆನಂದಪ್ಪ ಹಾಕುತ್ತಿದ್ದದ್ದು ಪೆಟ್ಟಿಗೆಯ ಚೀಟಿಗಳನ್ನು ಮಾತ್ರ. ಹೀಗಾಗಿ ನಮ್ಮ ಪುಟದಲ್ಲಿ ಇಡೀ ಸಭೆಯ ರೋಗರುಜಿನಗಳೆಲ್ಲ ಸೇರಿದ್ದವು, ವಾಸಿಯಾದದ್ದು ಒಂದೂ ಇರಲಿಲ್ಲ. ಎರಡು ವರ್ಷ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಹಳೆಯವನ್ನು ತೆಗೆಯಲೇ ಎಂದು ಆನಂದಪ್ಪ ಒಮ್ಮೆ ಕೇಳಿದಾಗ, ಇರಲಿ ಬಿಡು, ದಾಖಲೆ ಇದ್ದಂತಾಯಿತು ಎಂದೆ.

2012ರ ಜೂನ್‌ನಲ್ಲಿ ಕರುಣಾಳಿಗೆ ಮುಂಡರಗಿಯ ಒಂದು ಖಾಸಗಿ ಶಾಲೆಯಲ್ಲಿ ಎಲ್.ಕೆ.ಜಿ. ಟೀಚರ್ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಹಿಡಿದು, ಶನಿವಾರ ಮಧ್ಯಾಹ್ನ ಊರಿಗೆ ಬರುತ್ತಿದ್ದಳು. ಆಗಸ್ಟ್‌ನ ಒಂದು ಗುರುವಾರ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಡಿಸಿದ ಒಂದು ಹಾಳೆ.

“ಇದನ್ನ ಯಾರ್ ಬರದಾರ್ರಿ ಅಯ್ಯನೋರ?”

ನಮ್ಮ ಪ್ರಾರ್ಥನೆಯ ಪುಟದ ಮುದ್ರಿತ ಪ್ರತಿ. ಅವಳ ಹೆಸರು, ತಾಯಿಯ ಹೆಸರು, ಓಣಿ, ರೋಗ. ಮುಂಡರಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ, ಒಬ್ಬ ವಿದ್ಯಾರ್ಥಿಯ ತಂದೆ ಮಗನ ಹೊಸ ಟೀಚರ್ ಯಾರೆಂದು ಹೆಸರು ಹಾಕಿ ಹುಡುಕಿದ್ದರು. ಹಾಳೆ ಕೈಯಿಂದ ಕೈಗೆ ಹೋಗಿ, ಹನ್ನೊಂದು ಮಕ್ಕಳನ್ನು ತರಗತಿಗೆ ಕಳಿಸುವುದು ನಿಂತಿತ್ತು.

“ನಾನ ಬರದೇನಿ” ಎಂದೆ.

ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. “ನನ್ನ ಒಂದ್ ಮಾತ್ ಕೇಳಬೇಕಿತ್ತ್ರಿ” ಎಂದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ವೈದ್ಯರ ಪ್ರಮಾಣಪತ್ರ ಹಿಡಿದು ಇಬ್ಬರೂ ಮುಂಡರಗಿಗೆ ಹೋದೆವು. ಶಾಲೆಯ ಮುಖ್ಯಸ್ಥೆ ಕೆಟ್ಟವರಲ್ಲ. ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಆ ಹಾಳೆಯನ್ನು ನನ್ನ ಮುಂದಿಟ್ಟರು.

“ಇದು ನಿಮ್ಮ ಪುಟ ಏನ್ರಿ?”

“ಹೌದ್ರಿ.”

“ಸುಳ್ಳ ಬರದೀರೇನು?”

“ಸುಳ್ಳಲ್ರಿ. ಆವಾಗ ಖರೇನ ಇತ್ತು. ಈಗ ಪೂರಾ ಗುಣ ಆಗೈತಿ.”

“ಹಂಗಾರ ಗುಣ ಆತು ಅಂತ ಎಲ್ಲಿ ಬರದೀರಿ? ತೋರಸ್ರಿ. ಪಾಲಕರಿಗೆ ಅದನ್ನ ಪ್ರಿಂಟ್ ತಗದು ಕೊಡತೇನಿ.”

ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನಮ್ಮ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತಾ ಹೋದೆ. ಇಲ್ಲವೆಂದು ಗೊತ್ತಿದ್ದೂ ಹುಡುಕಿದೆ. ಪಕ್ಕದ ಕುರ್ಚಿಯಲ್ಲಿ ಕರುಣಾ ಕೈಕಟ್ಟಿ ಕುಳಿತಿದ್ದಳು. ಮುಖ್ಯಸ್ಥೆ ಅವಳಿಗೆ ಹದಿನೈದು ದಿನ ರಜೆಯ ಮೇಲೆ ಇರಲು ಹೇಳಿದರು, ಹದಿನಾರನೆಯ ದಿನ ರಾಜೀನಾಮೆ ಬರೆಸಿಕೊಂಡರು.

ಮುಂಡರಗಿಯಿಂದ ಬಂದ ಸಂಜೆಯೇ ಇಡೀ ಪುಟವನ್ನು ತೆಗೆಸಿದ್ದೆ. ಆದರೂ ಹೆಸರು ಹಾಕಿ ಹುಡುಕಿದರೆ ಕೆಲವು ವಾರ ಆ ಸಾಲು ಕಾಣುತ್ತಲೇ ಇತ್ತು. ಕರುಣಾ ತಾಯಿಯ ಪಕ್ಕದಲ್ಲಿ ಕಂಡಿಕೆ ಸುತ್ತಲು ಕುಳಿತಳು. ಸುದ್ದಿ ಸಭೆಯಲ್ಲಿ ಹಬ್ಬಿತು. ನನಗೆ ಯಾರೂ ಏನೂ ಅನ್ನಲಿಲ್ಲ, ಪೆಟ್ಟಿಗೆಗೆ ಚೀಟಿ ಬೀಳುವುದು ನಿಂತಿತು. ನಾಲ್ಕು ಭಾನುವಾರ ಖಾಲಿ ಪೆಟ್ಟಿಗೆ ತೆರೆದ ಮೇಲೆ ರಾಹೇಲಮ್ಮನನ್ನು ಕೇಳಿದೆ, ಪ್ರಾರ್ಥನೆಗೆ ಏನಾದರೂ ಇದೆಯೇ ಎಂದು.

“ಐತ್ರಿ ಅಯ್ಯನೋರ. ಮನ್ಯಾಗ ಮಾಡತೇವ್ರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಡಿಸೆಂಬರ್‌ನಲ್ಲಿ ಆಕೆ ಆರಾಧನೆಯ ನಡುವೆ ಕೆಮ್ಮುತ್ತಿದ್ದುದು ಕೇಳಿಸಿತು. ವಿಚಾರಿಸಿದೆ. “ನೂಲಿನ ಧೂಳ್ರಿ” ಎಂದಳು. ಬೆಟಗೇರಿಯಲ್ಲಿ ಕೆಮ್ಮದ ನೇಕಾರರ ಮನೆಯಿಲ್ಲ. ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

2013ರ ಮಾರ್ಚ್‌ನಲ್ಲಿ ಬೇರೊಂದು ಕೆಲಸಕ್ಕೆ ಶಿರಹಟ್ಟಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರಾಹೇಲಮ್ಮ ಕುಳಿತಿದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ನನ್ನನ್ನು ಕಂಡೊಡನೆ ಎದ್ದು ಮರೆಗೆ ಹೋಗಲು ನೋಡಿದಳು. ಉಸಿರು ಸಾಲದೆ ಮತ್ತೆ ಕುಳಿತಳು.

ಆಕೆಗೂ ಕ್ಷಯ. ಬೆಟಗೇರಿಯಲ್ಲಿ ಗುಳಿಗೆ ನುಂಗಲು ಹೋದರೆ ಓಣಿಯವರು ನೋಡುತ್ತಾರೆಂದು, ಬೆಳ್ಳಟ್ಟಿಯ ತಂಗಿಯ ಮನೆಯ ವಿಳಾಸ ಕೊಟ್ಟು ಅಲ್ಲಿ ಹೆಸರು ಬರೆಸಿದ್ದಳು. ವಾರಕ್ಕೆ ಮೂರು ಸಲ ಗದಗಿನಿಂದ ಶಿರಹಟ್ಟಿಗೆ, ಅಲ್ಲಿಂದ ಬೆಳ್ಳಟ್ಟಿಗೆ. ಬಸ್ಸು ತಪ್ಪಿದ ದಿನ, ಕಾಲು ಏಳದ ದಿನ ಡೋಸು ತಪ್ಪುತ್ತಿತ್ತು. ಅಲ್ಲಿಯ ಕಾರ್ಯಕರ್ತೆ ತಂಗಿಯ ಮನೆಗೆ ಹುಡುಕಿಕೊಂಡು ಬಂದರೆ ಆಕೆ ಅಲ್ಲಿ ಇರುತ್ತಿರಲಿಲ್ಲ. ಕ್ಷಯದಲ್ಲಿ ಡೋಸು ತಪ್ಪಿದರೆ ಔಷಧಿಯೇ ನಾಟುವುದಿಲ್ಲ. ಇದನ್ನೆಲ್ಲ ಆಕೆ ಕರುಣಾಳಿಂದಲೂ ಮುಚ್ಚಿಟ್ಟಿದ್ದಳು.

ಬೆಟಗೇರಿಗೇ ಬದಲಿಸೋಣ, ನಾನು ಮಾತಾಡುತ್ತೇನೆ ಎಂದೆ. ಆಕೆ ನನ್ನ ಕೈ ಹಿಡಿದುಕೊಂಡಳು.

“ಬ್ಯಾಡ್ರಿ ಅಯ್ಯನೋರ. ಕರುಣಾಗ ಲಕ್ಷ್ಮೇಶ್ವರದಾಗ ಸಾಲಿ ಕೆಲಸಕ್ಕ ಕರದಾರ. ಮನ್ಯಾಗ ಮತ್ತ ಅದ ರೋಗ ಅಂತ ಗೊತ್ತಾದ್ರ ಆಕಿಗಿ ಕೆಲಸ ಯಾರ್ ಕೊಡ್ತಾರ್ರಿ? ಯಾರಿಗೂ ಹೇಳಬ್ಯಾಡ್ರಿ. ಬರೀಬ್ಯಾಡ್ರಿ.”

‘ಬರೀಬ್ಯಾಡ್ರಿ’ ಎಂಬ ಆ ಮಾತಿನಿಂದ ನಾನು ಕುಸಿದುಹೋದೆ. ಆಗಲಿ ಎಂದು ಮಾತು ಕೊಟ್ಟೆ, ಹಾಗೇ ನಡೆದುಕೊಂಡೆ. ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಒಂದು ಮನೆ ಕೆಡಿಸಿದ್ದೆ, ಈಗ ಬಾಯಿ ಮುಚ್ಚಿದರೆ ಅದು ಸರಿಹೋಗುತ್ತದೆ ಎಂದುಕೊಂಡೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಕರುಣಾ ಏಪ್ರಿಲ್‌ನಲ್ಲಿ ಸಂದರ್ಶನಕ್ಕೆ ಹೋಗಿಬಂದಳು, ಕೆಲಸ ಗಟ್ಟಿಯಾಯಿತು. ಮೇ ತಿಂಗಳಲ್ಲಿ ರಾಹೇಲಮ್ಮ ರಕ್ತ ಕಾರಿದಳು. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ತೀರಿಕೊಂಡಳು. ಐವತ್ತೊಂದು ವರ್ಷ.

ವಾರ್ಡಿನ ಹೊರಗೆ ಕರುಣಾ ಕೇಳಿದಳು, “ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತವಾ. ಹೇಳಬ್ಯಾಡ್ರಿ ಅಂದಿದ್ಲು.”

“ನನಗ ಹೇಳಬೇಕಿತ್ತ್ರಿ. ಆ ಗುಳಿಗಿ ಆರ್ ತಿಂಗಳು ನುಂಗಿದಾಕಿ ನಾನು. ಕೈ ಹಿಡದು ಕರಕೊಂಡು ಹೋಗತಿದ್ದೆ.”

ಅವಳು ಹೇಳಿದ್ದು ನಿಜ. ಅವಳೊಬ್ಬಳಿಗೆ ಹೇಳಿದ್ದರೆ ಸಾಕಿತ್ತು. ಬೆಟಗೇರಿಯ ಆರೋಗ್ಯ ಕಾರ್ಯಕರ್ತೆಗೆ ಗುಟ್ಟಾಗಿ ಹೇಳಿದ್ದರೂ ಆಕೆ ಮನೆಗೇ ಬಂದು ಗುಳಿಗೆ ಕೊಡುತ್ತಿದ್ದಳು. ಊರಿಗೆಲ್ಲ ಹೇಳುವುದಕ್ಕೂ ಒಬ್ಬರಿಗೂ ಹೇಳದಿರುವುದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ. ನನ್ನ ವೃತ್ತಿ ಇರುವುದೇ ಆ ಜಾಗದಲ್ಲಿ. ಅದನ್ನು ಕಲಿಯಲು ನನಗೆ ಕಾಲು ಶತಮಾನ ಹಿಡಿಯಿತು, ಅದರ ಬೆಲೆಯನ್ನು ಬೇರೆಯವರು ತೆತ್ತರು.

ಮುಂದೆ ನಿವೃತ್ತನಾಗುವ ತನಕ ಯಾರ ಚೀಟಿಯನ್ನೂ ಅವರನ್ನೇ ಕೇಳದೆ ಓದಲಿಲ್ಲ. ಇದನ್ನು ಯಾರಿಗೆ ಹೇಳಲಿ, ಯಾರಿಗೆ ಹೇಳಬಾರದು ಎಂದು ಕೇಳುತ್ತಿದ್ದೆ. ಗುಣವಾದ ಮೇಲೆ ನಾನೇ ಅವರ ಮನೆಗೆ ಹೋಗಿ, ಅದನ್ನೂ ಹೇಳಲೇ ಎಂದು ವಿಚಾರಿಸುತ್ತಿದ್ದೆ. ವೆಬ್‌ಸೈಟಿನಲ್ಲಿ ಆರಾಧನೆಯ ಸಮಯ ಮತ್ತು ಫೋನ್ ನಂಬರು ಮಾತ್ರ ಉಳಿದವು. ಎಣಿಕೆಯನ್ನು ತೆಗೆಸಿಬಿಟ್ಟೆ.

ಈ ಬರಹಕ್ಕೆ ಮೊದಲು ಕರುಣಾಳಿಗೆ ಫೋನ್ ಮಾಡಿದ್ದೆ. ಈಗಲೂ ಲಕ್ಷ್ಮೇಶ್ವರದಲ್ಲೇ ಕಲಿಸುತ್ತಾಳೆ. ಬರೆಯಲೇ ಎಂದು ಕೇಳಿದೆ.

“ನಮ್ಮ ಹೆಸರ ಬದಲಿ ಮಾಡ್ರಿ” ಎಂದಳು. “ಮತ್ತ ಈ ಸಲ ನಾ ಗುಣ ಆಗಿದ್ದನ್ನೂ ಬರೀರಿ ಅಯ್ಯನೋರ.”

ಬರೆದಿದ್ದೇನೆ. ಕರುಣಾ 2011ರ ಜುಲೈನಲ್ಲಿ ಪೂರ್ತಿ ಗುಣವಾಗಿದ್ದಳು. ಈಗಲೂ ಆರೋಗ್ಯವಾಗಿದ್ದಾಳೆ.