ಹಜೀರಾಬೀಯ ಕೈಗುಣ

ಸುಟ್ಟವರ ವಾರ್ಡಿನಲ್ಲಿ ಹನ್ನೊಂದು ವರ್ಷ ಡ್ರೆಸ್ಸಿಂಗ್ ಮಾಡಿದ ಹಜೀರಾಬೀಗೆ ಇದ್ದದ್ದು ಒಂದೇ ಆಸೆ, ಆ ವಾರ್ಡಿನಿಂದ ಹೊರಗೆ ಬೀಳುವುದು. ಚೀಟಿ ಬರೆಯುವ ಕಿಟಕಿ, ಕಣ್ಣಿನ ವಿಭಾಗ, ಕಡೆಗೆ ಕಕ್ಕಸು ತೊಳೆಯುವ ಕೆಲಸವಾದರೂ ಆಗಬಹುದಿತ್ತು. ಕೊಡಲಿಲ್ಲ. ಕಾರಣ, ಅವಳ ಕೈಗುಣ ಒಳ್ಳೆಯದಿತ್ತು.

ಹರಿಹರದವಳು. ಗಂಡ ತೀರಿಕೊಂಡ ಮೇಲೆ ಮಗಳು ಸಬಾಳನ್ನು ಸಾಕಲು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಆಯಾ ಆದಳು. ಆ ವಾರ್ಡಿಗೆ ಬರುತ್ತಿದ್ದವರು ಬಹುಪಾಲು ಹೊಸದಾಗಿ ಮದುವೆಯಾದ ಹುಡುಗಿಯರು. ಕಾಗದದಲ್ಲಿ ಎಲ್ಲರಿಗೂ ಒಂದೇ ಕಾರಣ: ಸ್ಟೋವ್ ಸಿಡಿಯಿತು. ಈ ಸೀಮೆಯ ಸ್ಟೋವುಗಳಿಗೆ ಸೊಸೆಯರನ್ನು ಕಂಡರೆ ಮಾತ್ರ ಯಾಕೆ ಸಿಟ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಅತ್ತೆಯ ಮೇಲೆ ಸಿಡಿದದ್ದನ್ನು ನಾನಂತೂ ಕೇಳಿಲ್ಲ.

ಗಾಯಕ್ಕೆ ಅಂಟಿದ ಬಟ್ಟೆಯನ್ನು ಉಳಿದ ಆಯಾಗಳು ಕಿತ್ತುಬಿಡುತ್ತಿದ್ದರು. ಅವರದೂ ತಪ್ಪಲ್ಲ, ಒಬ್ಬೊಬ್ಬರಿಗೆ ಇಪ್ಪತ್ತು ಮಂಚ. ಹಜೀರಾಬೀ ಬೆಚ್ಚನೆಯ ಉಪ್ಪುನೀರು ಹನಿಸಿ, ಬಟ್ಟೆ ನೆನೆಯುವ ತನಕ ಪಕ್ಕದಲ್ಲಿ ಕೂತು, "ತವರು ಯಾವೂರವ್ವಾ?" ಎಂದು ಕೇಳುತ್ತಿದ್ದಳು. ಯಾವ ಬಸ್ಸು ಹತ್ತಬೇಕು, ಇಳಿದ ಮೇಲೆ ಎಷ್ಟು ನಡೆಯಬೇಕು, ಮನೆ ಮುಂದೆ ಬೇವಿನ ಮರವೋ ಹುಣಸೆಯೋ. ಹುಡುಗಿ ಹೇಳುತ್ತ ಹೇಳುತ್ತ ತವರಿನ ಬಾಗಿಲು ಮುಟ್ಟುವ ಹೊತ್ತಿಗೆ ಬಟ್ಟೆ ಬಿಟ್ಟಿರುತ್ತಿತ್ತು. ಆ ದಾರಿಯಲ್ಲಿ ನಿಜವಾಗಿ ವಾಪಸು ಹೋದವರು ಹತ್ತಕ್ಕೆ ಇಬ್ಬರೋ ಮೂವರೋ. ಆದರೂ ಹಳ್ಳಿಯಿಂದ ಬಂದವರು ವಾರ್ಡಿನ ಬಾಗಿಲಲ್ಲೇ ಅವಳನ್ನು ತೋರಿಸಿ, ಬೂಬಮ್ಮನ ಕೈಗೆ ಕೊಡಿ ಎಂದು ಬೇಡುತ್ತಿದ್ದರು.

ದಾವಣಗೆರೆ ಜಿಲ್ಲೆಯಾದ ವರ್ಷ, ಬಸ್ ಸ್ಟ್ಯಾಂಡಿನ ಕಂಬದ ಪಕ್ಕ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ್ದ ಅವಳನ್ನು ಕಂಡೆ. ಆಸ್ಪತ್ರೆ ನೌಕರರ ಸಂಘದ ಕೆಲಸ ನೋಡುತ್ತಿದ್ದ ನನಗೆ ಅವಳ ಪರಿಚಯವಿತ್ತು. ಚಹಾ ತರಿಸಿದೆ. ಮುಟ್ಟಲಿಲ್ಲ.

"ಕಂಡಕ್ಟರು ಕೂಗ್ತಾರಲ್ಲಣ್ಣ, ಮಲೇಬೆನ್ನೂರು, ಜಗಳೂರು, ಹರಪನಹಳ್ಳಿ ಅಂತ. ಅವು ನನಗೆ ಊರಲ್ಲ. ಒಂದೊಂದೂ ಒಂದೊಂದು ಹುಡುಗಿ. ಎಲ್ಲಾ ಸತ್ತಾವೆ."

ಆಮೇಲೆ ಬಿಡಿಬಿಡಿಯಾಗಿ ಹೇಳಿದಳು. ಮನೆಯಲ್ಲಿ ರೊಟ್ಟಿ ಸೀದರೆ ವಾಂತಿ. ನಿದ್ದೆಯಿಲ್ಲ. ಸಬಾ ತಲೆ ಬಾಚಿಸಿಕೊಳ್ಳಲು ಕೂತರೆ ಅವಳ ಬೆನ್ನು ನೋಡಲಾಗದು. ಡಾಕ್ಟರಿಗೆ ಹೇಳಿದ್ದಕ್ಕೆ ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟು, ಚೆನ್ನಾಗಿ ಉಣ್ಣು ಅಂದರಂತೆ. ಆಫೀಸಿನ ಪಂಚಾಕ್ಷರಪ್ಪ ಕೆಟ್ಟ ಮನುಷ್ಯನಲ್ಲ. ವರ್ಗಾವಣೆ ಕೇಳಿದಾಗ ಅವರು ಹೊಗಳಿಯೇ ಕಳಿಸಿದರು: "ನಿನ್ನ ಕೈ ಚಲೋ ಐತಮ್ಮ. ನಿನ್ನ ತೆಗೆದ್ರೆ ಆ ವಾರ್ಡಿಗೆ ಯಾರು ಹೋಗ್ತಾರೆ?"

ಅರ್ಜಿ ಬರೆದದ್ದು ನಾನು. ಮನಸ್ಸಿನ ಡಾಕ್ಟರ ಹತ್ತಿರ ಚೀಟಿ ಬರೆಸಿ ತರುತ್ತೇನೆ ಎಂದಳು. ನಾನೇ ತಡೆದೆ. ಸಬಾಗೆ ಗುತ್ತೂರಿನಿಂದ ಸಂಬಂಧ ಬಂದಿತ್ತು. ತಾಯಿಗೆ ತಲೆ ಸರಿಯಿಲ್ಲ ಎಂದು ಕಾಗದದ ಮೇಲೆ ಬಿದ್ದರೆ ಹುಡುಗನ ಕಡೆಯವರು ಹೊಸಿಲು ತುಳಿಯುತ್ತಿರಲಿಲ್ಲ.

"ಸೊಂಟನೋವು ಅಂತ ಬರೆಯಾಣ ಹಜೀರಕ್ಕ. ಸೊಂಟಕ್ಕೆ ಯಾರೂ ನಗಲ್ಲ," ಎಂದೆ.

ನಮ್ಮ ಸಂಘದಲ್ಲಿ ಎಲ್ಲ ಕಷ್ಟಕ್ಕೂ ಸೊಂಟನೋವನ್ನೇ ಬರೆಯುತ್ತಿದ್ದೆವು. ಗಂಡ ಹೊಡೆದರೂ ಸೊಂಟನೋವು, ಮಗ ಓಡಿಹೋದರೂ ಸೊಂಟನೋವು. ನಡೆಯುತ್ತಿತ್ತು.

ಆ ಸಲ ನಡೆಯಲಿಲ್ಲ. ಮೂವರು ಡಾಕ್ಟರು ಕೂತು ಎಕ್ಸ್-ರೇ ತೆಗೆಸಿದರು. ಸೊಂಟ ಕಲ್ಲಿನ ಹಾಗಿತ್ತು. ಸುಳ್ಳು ಹೇಳಿ ಕೆಲಸ ತಪ್ಪಿಸಿಕೊಳ್ಳಲು ನೋಡಿದಳೆಂದು ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಅದೇ ವಾರ್ಡಿಗೆ ಅಟ್ಟಿದರು. ಇನ್ನು ನಿಜ ಹೇಳಿದರೂ ನಂಬುವವರಿರಲಿಲ್ಲ. ಗುತ್ತೂರಿನ ಸಂಬಂಧವೂ ಮುರಿಯಿತು, ಹುಡುಗನಿಗೆ ಬೇರೆ ಕಡೆ ಮನಸ್ಸಿತ್ತಂತೆ. ನಾವು ಮುಚ್ಚಿಟ್ಟದ್ದು ಯಾವ ಉಪಯೋಗಕ್ಕೂ ಬರಲಿಲ್ಲ.

ಕೈಗವಸಿಗೆ, ಸಾಬೂನಿಗೆ, ಕೆಲಸ ಕಾಯಂ ಮಾಡಿಸಲು ಬೀದಿಗಿಳಿದವರು ನಾವು. ಹಜೀರಾಬೀಗಾಗಿ ಇಳಿಯಲಿಲ್ಲ. ಏನೆಂದು ಘೋಷಣೆ ಕೂಗಬೇಕೋ ಒಬ್ಬರಿಗೂ ತಿಳಿಯಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಸರಸ್ವತಿ ನಗರದಿಂದ ವಾಣಿ ಎಂಬ ಸೊಸೆಯನ್ನು ತಂದು ಮಲಗಿಸಿದರು. ಹಜೀರಾಬೀ ತಟ್ಟೆ ಹಿಡಿದು ಹೋದಳು. ಉಪ್ಪುನೀರು ಹನಿಸಲಿಲ್ಲ. ತವರು ಕೇಳಲಿಲ್ಲ. ಪಕ್ಕದ ಮಂಚದವರಿಂದ ಅವಳ ರೀತಿ ತಿಳಿದಿದ್ದ ಹುಡುಗಿ ತಾನಾಗಿಯೇ ಬಾಯಿ ಬಿಟ್ಟಳು: "ಬೂಬಮ್ಮಾ, ನಂದು ಕೊಂಡಜ್ಜಿ. ನನ್ನೂ ಕೇಳು."

"ಬ್ಯಾಡ. ನನಗೆ ಹೇಳಬ್ಯಾಡ," ಎಂದು ಹಜೀರಾಬೀ ಬಟ್ಟೆ ಎಳೆದಳು. ಆ ಕೂಗು ಔಷಧಿ ಕೊಡುವ ಕಿಟಕಿಯ ತನಕ ಕೇಳಿಸಿತಂತೆ.

ವಾಣಿಯ ತಾಯಿ ಕಸ್ತೂರಮ್ಮ ನೇರ ಆಫೀಸಿಗೆ ಹೋಗಿ, ಆ ಹೆಂಗಸು ತನ್ನ ಮಗಳನ್ನು ಮುಟ್ಟಕೂಡದು ಎಂದಳು. ಹನ್ನೊಂದು ವರ್ಷ ಆಗದ ವರ್ಗಾವಣೆ ಆ ಮಧ್ಯಾಹ್ನವೇ ಆಯಿತು, ಬಟ್ಟೆ ಕುದಿಸುವ ಕೋಣೆಗೆ. ಎಂಟನೇ ದಿನ ವಾಣಿ ತೀರಿಕೊಂಡಳು. ಅವಳ ಮಂಚದ ಹಾಸು ಹೊದಿಕೆ ಕುದಿಸಲು ಬಂದದ್ದು ಹಜೀರಾಬೀಯ ಹಂಡೆಗೇ.

ಮಾತಾಡಿಸಲು ಹೋದೆ. ಈ ಸಲದ ಬೇಡಿಕೆ ಪಟ್ಟಿಗೆ ನಿನ್ನದನ್ನೂ ಸೇರಿಸುತ್ತೇವೆ ಎಂದೆ.

"ಏನಂತ ಬರೀತೀರಣ್ಣ? ಸೊಂಟನೋವು ಅಂತನಾ?"

ಅವಳು ಕೋಲಿನಿಂದ ಹಂಡೆಯೊಳಗಿನ ಬಟ್ಟೆ ಮಗುಚುತ್ತಿದ್ದಳು.

"ಕೊಂಡಜ್ಜಿಗೆ ಯಾವ ಬಸ್ಸು ಅಂತ ಆ ಹುಡುಗೀನ ನಾ ಕೇಳ್ಲೇ ಇಲ್ಲ," ಎಂದಳು.

ಈಗ ಅವಳು ಬಸ್ ಸ್ಟ್ಯಾಂಡಿನ ಕಡೆ ಸುಳಿಯುವುದಿಲ್ಲ. ಹರಿಹರದಿಂದ ಪ್ಯಾಸೆಂಜರ್ ರೈಲಿಗೆ ಬರುತ್ತಾಳೆ. ಅದು ದಿನಾ ತಡ, ರಜೆ ಕತ್ತರಿಸುತ್ತಾರೆ. ಆದರೆ ರೈಲಿನಲ್ಲಿ ಯಾರೂ ಊರು ಕೂಗುವುದಿಲ್ಲ.