ಗಾಳಿ ಅಳೆದ ಮೀಟರ್

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಅಂದು ಬುಧವಾರ ಎಂದು ನನ್ನ ದಿನಚರಿ ಹೇಳುತ್ತದೆ. ಆದರೆ ದಿನಚರಿ ಬರೆದವಳೂ ನಾನೇ ಅಲ್ಲವೇ?

ಆಗ ನಾನು ಬೆಂಗೇರಿಯಲ್ಲಿ ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕು, ಅವರ ಮನೆಯಲ್ಲಿದ್ದು ಸಂಶೋಧನೆ ಮಾಡುತ್ತಿದ್ದೆ. ಉಗುರಿನಷ್ಟು ಗಾಜಿನ ಚಿಪ್, ಅದರೊಳಗೆ ಕೂದಲೆಳೆಯಂಥ ಕಾಲುವೆ. ಕಾಲುವೆಯಲ್ಲೊಂದು ಪುಟ್ಟ ಹೀಟರ್, ಅದರ ಎರಡೂ ಬದಿಗೆ ಬಿಸಿ ಅಳೆಯುವ ಚುಕ್ಕೆಗಳು. ಹರಿಯುವ ನೀರು ಬಿಸಿಯನ್ನು ಮುಂದಕ್ಕೆ ಒಯ್ಯುತ್ತದೆ. ಚುಕ್ಕೆಗಳ ಬಿಸಿಯ ವ್ಯತ್ಯಾಸದಿಂದ ಹರಿವು ಎಷ್ಟೆಂದು ತಿಳಿಯುತ್ತದೆ. ತಿಳಿಯಬೇಕಿತ್ತು. ನೀರು ಒಂದೇ ಸಮ ಹರಿದರೂ ನನ್ನ ಸೆನ್ಸರ್ ಹುಚ್ಚುಹುಚ್ಚಾಗಿ ಅಂಕಿ ತೋರಿಸುತ್ತಿತ್ತು. ಆ ಬುಧವಾರದ ಮರುದಿನ ಗೈಡ್ ಎದುರು ಅದು ಸರಿಯಾಗಿ ನಡೆಯದಿದ್ದರೆ ಎರಡು ವರ್ಷದ ಕೆಲಸ ಬಿಟ್ಟು ಮೊದಲಿನಿಂದ ಶುರು ಮಾಡಬೇಕಿತ್ತು.

ಅಂದು ಬೆಳಿಗ್ಗೆ ವಾರಕ್ಕೊಮ್ಮೆ ನಳ ಬರುವ ಸರದಿ. ನಳ ಬುಸುಗುಡುತ್ತಿತ್ತು, ಹನಿ ನೀರಿಲ್ಲ, ಮೀಟರ್ ಮಾತ್ರ ಗಿರಗಿರ.

“ನೋಡಲ್ಲೆ, ಬರೇ ಗಾಳಿಗೆ ಹೆಂಗ ಕುಣ್ಯಾಕತ್ತೈತಿ!” ಎಂದರು ಕಾಕು.

ನಾನು ಫೋನಿನಲ್ಲಿ ನನ್ನ ಅಂಕಿಗಳ ವಿಡಿಯೊ ತೋರಿಸಿದೆ. “ನಂದೂ ಹಿಂಗ ಆಗೈತ್ರಿ ಕಾಕು.”

“ಹಂಗಾರ ನಿಂದ್ರಾಗೂ ಗಾಳಿ ಹೊಕ್ಕೈತಿ.”

“ಅಷ್ಟು ಸಣ್ಣದ್ರಾಗ ಗಾಳಿ ಎಲ್ಲಿಂದ ಬರ್ತೈತ್ರಿ?”

“ಇಷ್ಟು ದೊಡ್ಡ ಪೈಪಿನಾಗ ಎಲ್ಲಿಂದ ಬಂತು? ಅದನ್ನ ಹೇಳು ಮೊದಲ, ಶಾಣ್ಯಾಕಿ! ಕೊಡ ಹಿಡಿ.”

ರಾಯಾಪುರದ ಆಚೆಯ ಲ್ಯಾಬಿಗೆ ಹೋದವಳೇ ಚಿಪ್ಪನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಹೀಟರ್ ಪಕ್ಕದ ತಿರುವಿನಲ್ಲಿ ಒಂದು ಗುಳ್ಳೆ ಆರಾಮಾಗಿ ಕುಳಿತಿತ್ತು. ನೀರಿನೊಳಗಿನ ಗಾಳಿಯೇ ಬಿಸಿಗೆ ಹೊರಬಂದು ಗುಳ್ಳೆಯಾಗಿತ್ತು. ನೀರು ಕುದಿಸಿ, ಮುಚ್ಚಿ ಆರಿಸಿ, ನಿಧಾನವಾಗಿ ಹಾಯಿಸಿದೆ. ಗುಳ್ಳೆ ಜಾರಿತು. ಅಂಕಿ ಕುಣಿಯದೆ ಒಂದೇ ಕಡೆ ನಿಂತಿತು. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ.

“ಛಲೋ ಆತು, ಇದನ್ನ ಮುಂದುವರಸ್ರಿ,” ಎಂದರು ಮರುದಿನ ಗೈಡ್. “ಹೆಂಗ ಹಿಡದ್ರಿ?”

“ಗ್ರಾಫ್ ನೋಡಿ ಅನಿಸ್ತ್ರಿ ಸರ್.”

ಪೂರಾ ಸುಳ್ಳೇ? ಈಗ ಪ್ರಬಂಧದ ಕೃತಜ್ಞತೆಯ ಪುಟ ಬರೆಯುವಾಗ ಅದೇ ಕಾಡುತ್ತಿದೆ. ಮೇಲೆ ಕಾಕುವೇ ಹೇಳಿದಂತೆ ಬರೆದಿದ್ದೇನೆ, ಆದರೆ ವಿಡಿಯೊ ತೋರಿಸುವಾಗ ನಾನೇ ಗಾಳಿಯ ಮಾತು ತೆಗೆದಿದ್ದೆನೋ, ಸರಿಯಾಗಿ ನೆನಪಾಗುತ್ತಿಲ್ಲ. ಕಾಕುಗೆ ಫೋನ್ ಮಾಡಿ ಕೇಳಿದರೆ ನಕ್ಕು, ಊಟಕ್ಕೆ ಯಾವಾಗ ಬರ್ತಿ ಎನ್ನುತ್ತಾರೆ. ನಿನ್ನೆಯೂ ಕೇಳಿದೆ:

“ಕಾಕು, ಗಾಳಿ ಅಂತ ಮೊದಲ ಅಂದವರು ನೀವೋ, ನಾನೋ?”